ಉಯ್ಯಾಲೆಗೆ ಪಿನ್ ಹಾಕಿದ ಭೋಜಣ್ಣ

ಭೋಜಣ್ಣ ಯಾರ ಮನೆಗೆ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲು ಅದನ್ನು ಬೋರಲು ಹಾಕಿ ನೋಡುತ್ತಿದ್ದರು. ಒಮ್ಮೆ ಠಾಣೆ ನಗರದ ಘೋಡಬಂದರ್ ರಸ್ತೆಯ ದೊಡ್ಡ ಹಾಲೊಂದರಲ್ಲಿ ನನ್ನ ತಂಗಿಯ ಮೊಮ್ಮಗಳ ರಿಸೆಪ್ಷನ್. ಸ್ಟೇಜಿನ ಮೇಲೆ ಮದುಮಕ್ಕಳಿಗೆಂದು ಸಿಂಹಾಸನದಂಥ ಎರಡು ಕುರ್ಚಿಗಳು. ಮದುಮಕ್ಕಳು ಇನ್ನೂ ಮೇಕಪ್ಪಿನಲ್ಲಿದ್ದಾಗ ಬಿಳಿ ಪಂಚೆ, ಬಿಳಿ ಶರ್ಟಿನ ಈ ಮನುಷ್ಯ ಸ್ಟೇಜ್ ಹತ್ತಿ, ವರನ ಸಿಂಹಾಸನವನ್ನು ಮಗುಚಿ ಹಾಕಿ, ಜೇಬಿನಿಂದ ಚಿಕ್ಕ ಸ್ಪ್ಯಾನರ್ ತೆಗೆದು ನಾಲ್ಕು ಕಾಲುಗಳ ನಟ್ಟನ್ನೂ ಪರೀಕ್ಷಿಸತೊಡಗಿದರು. ಡೆಕೊರೇಟರ್ ಕಡೆಯವನು ಓಡಿ ಬಂದ.

"ಅರೇ ಕಾಕಾ, ಕ್ಯಾ ಕರ್ ರಹೇ ಹೋ?"

"ತೇರಾ ಕಾಮ್ ಕರ್ ರಹಾ ಹೂಂ. ಜಾ, ದುಲ್ಹನ್‌ವಾಲಾ ಭೀ ಲಾ," ಎಂದರು ಭೋಜಣ್ಣ, ವಧುವಿನ ಸಿಂಹಾಸನ ತೋರಿಸಿ.

ಮುಂದಿನ ಸಾಲಿನಲ್ಲಿ ಕೂತಿದ್ದ ನಾನು ಪರ್ಸಿನೊಳಗೆ ಏನನ್ನೋ ಹುಡುಕುವವಳಂತೆ ತಲೆ ತಗ್ಗಿಸಿದೆ. ಆ ಮನುಷ್ಯನನ್ನು ಮದುವೆಗೆ ಕರೆದವಳು ನಾನೇ ಎಂದು ಯಾರಿಗೂ ಗೊತ್ತಾಗಬಾರದಲ್ಲ. ಐ ಮಸ್ಟ್ ಸೇ, ನಾಚಿಕೆಪಡುವುದನ್ನು ಮಂಗಳೂರಿನ ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಚೆನ್ನಾಗಿಯೇ ಕಲಿಸಿದ್ದರು. ಯಾವುದಕ್ಕೆ ನಾಚಬೇಕು ಎಂಬುದನ್ನು ಮಾತ್ರ ನಾನು ಎಪ್ಪತ್ತು ದಾಟಿದ ಮೇಲೆ, ಭೋಜಣ್ಣನಿಂದ ಕಲಿತೆ. ಕಲಿಯುವಾಗ ತಡವಾಗಿತ್ತು.

ಅವರು ಕಾಪುವಿನ ಕಡೆಯವರು. ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಕಾರ್ಖಾನೆ ಮುಚ್ಚಿ, ಆ ಜಾಗದಲ್ಲಿ ಗಾಜಿನ ಆಫೀಸುಗಳು ಎದ್ದವು. ಭೋಜಣ್ಣ ಠಾಣೆಯಿಂದ ಕಲ್ಯಾಣದವರೆಗಿನ ನಮ್ಮವರ ಹೋಟೆಲುಗಳ ಗ್ರೈಂಡರ್, ಮಿಕ್ಸರ್, ಫ್ಯಾನುಗಳನ್ನು ರಿಪೇರಿ ಮಾಡಿಕೊಂಡು ಡೊಂಬಿವ್ಲಿಯಲ್ಲಿ ಸಾಲು ಕೋಣೆಗಳ ಒಂದು ಚಾಳಿನಲ್ಲಿ ಉಳಿದುಕೊಂಡರು.

ನನ್ನ ಯಜಮಾನರ ಹೋಟೆಲೂ ಡೊಂಬಿವ್ಲಿಯಲ್ಲೇ ಇತ್ತು. ಅಲ್ಲಿನ ದೊಡ್ಡ ಗ್ರೈಂಡರಿನ ಬುಡದ ಬೋಲ್ಟುಗಳು ಹತ್ತು ದಿನಕ್ಕೊಮ್ಮೆ ಸಡಿಲವಾಗುತ್ತಿದ್ದವು. ಮೊದಲಿದ್ದ ಮೆಕ್ಯಾನಿಕ್ ಪ್ರತಿ ಸಲವೂ ಹೊಸ ಸ್ಪ್ರಿಂಗ್ ವಾಷರ್ ಹಾಕಿ, ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಬಿಗಿ ಮಾಡುತ್ತಿದ್ದ. ಕೊನೆಗೊಂದು ಬೋಲ್ಟೇ ಮುರಿಯಿತು. ಆಗ ಯಾರೋ ಭೋಜಣ್ಣನ ಹೆಸರು ಹೇಳಿದರು. ಆ ದಿನ ನಾನು ಪಾಠ ಹೇಳುತ್ತಿದ್ದ ಶಾಲೆಗೆ ರಜೆಯಿದ್ದುದರಿಂದ ಗಲ್ಲಾದಲ್ಲಿ ಕೂತಿದ್ದೆ. ಬಂದವರು ಚೀಲ ಬಿಚ್ಚಲೇ ಇಲ್ಲ. ಗ್ರೈಂಡರ್ ಚಾಲೂ ಮಾಡಿಸಿ, ಡಾಕ್ಟರು ಎದೆ ಮುಟ್ಟಿ ನೋಡುವಂತೆ ಅದರ ಸ್ಟ್ಯಾಂಡಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು.

"ಧನಿಗಳೇ, ಈ ಬೋಲ್ಟಿನ ಜಾಗ ಬರೀ ಅದುರೂದಾ, ಅಲ್ಲ ತಿರುಗೂದೂ ಉಂಟಾ?"

"ಅದುರೂದು."

"ಬಿಸಿ ಆಗ್ತದಾ?"

"ಅಷ್ಟೇನಿಲ್ಲ."

"ಪದೇ ಪದೇ ಬಿಚ್ಲಿಕ್ಕೆ ಉಂಟಾ?"

"ಬೆಲ್ಟ್ ಹಾಕುವಾಗ ಬಿಚ್ಬೇಕಲ್ಲ."

"ಬಿಚ್ಚಿಕೊಂಡ್ರೆ ಯಾರ ತಲೆ ಮೇಲೆ ಬೀಳ್ತದೆ?"

ಯಜಮಾನರು ನಕ್ಕರು. "ತಲೆ ಮೇಲೆ ಎಂತದೂ ಬೀಳೂದಿಲ್ಲ ಮಾರಾಯ. ಇಡ್ಲಿ ಹಿಟ್ಟು ಚೆಲ್ತದೆ ಅಷ್ಟೆ."

"ಹಾಗಾದ್ರೆ ಎರಡು ನಟ್ ಸಾಕು."

ಒಂದೇ ಬೋಲ್ಟಿಗೆ ಎರಡು ನಟ್ಟು, ತೆಳ್ಳಗಿನದು ಕೆಳಗೆ, ದಪ್ಪನೆಯದು ಮೇಲೆ. ಎಲ್ಲರೂ ಇದನ್ನು ತಿರುಗುಮುರುಗು ಹಾಕುತ್ತಾರೆ, ನೋಡಲಿಕ್ಕೆ ಹಾಗೆ ಚೆಂದ ಎಂದು. ಹಾಗೆ ಹಾಕಿದರೆ ಹಿಡಿತ ಸಿಗುವುದಿಲ್ಲವಂತೆ. ಮೊದಲಿನವನು ಬಿಟ್ಟು ಹೋಗಿದ್ದ ಸ್ಪ್ರಿಂಗ್ ವಾಷರನ್ನು ಎರಡು ಬೆರಳಲ್ಲಿ ಎತ್ತಿ ಅವರು ನನಗೆ ತೋರಿಸಿದರು. "ಇದು ನೋಡಿ ಅಕ್ಕ, ಒತ್ತಿದ ಮೇಲೆ ಚಪ್ಪಟೆ. ಮತ್ತೆಂತ ಸ್ಪ್ರಿಂಗ್? ಹಾಕಿದವನ ಸಮಾಧಾನಕ್ಕೆ ಅಷ್ಟೆ. ಟೈಟ್ ಮಾಡೂದು ಬೇರೆ, ಕಾಯೂದು ಬೇರೆ." ಹೋಟೆಲು ಮಾರುವವರೆಗೂ ಆ ಬೋಲ್ಟುಗಳು ಮತ್ತೆ ಸಡಿಲವಾಗಲಿಲ್ಲ.

ಯಜಮಾನರು ಹೋದ ಮೇಲೆ ನಾನು ಘಣಸೋಲಿಯ ಫ್ಲ್ಯಾಟಿಗೆ ಬಂದೆ. ಭೋಜಣ್ಣ ಎರಡು ಟ್ರೇನು ಹಿಡಿದು ನನ್ನನ್ನು ನೋಡಲು ಬರುತ್ತಿದ್ದರು. ನೆಪಕ್ಕೆ ಏನಾದರೊಂದು ಸಡಿಲವಾಗಿರಬೇಕು ಅಷ್ಟೆ. ನನ್ನ ಕನ್ನಡಕದ ಕಡ್ಡಿಯ ಸ್ಕ್ರೂ ವಾರಕ್ಕೊಮ್ಮೆ ಉದುರುತ್ತಿತ್ತು.

"ನೇಲ್ ಪಾಲಿಶ್ ಉಂಟಾ ಅಕ್ಕ?"

"ಈ ವಯಸ್ಸಿನಲ್ಲಿ ನನಗೆ ಯಾಕೆ ಭೋಜಣ್ಣ?"

"ನಿಮ್ಮ ಉಗುರಿಗಲ್ಲ. ಕನ್ನಡಕಕ್ಕೆ."

ಪಕ್ಕದ ಮನೆಯಿಂದ ಕೆಂಪು ಪಾಲಿಶ್ ತರಿಸಿ, ಸ್ಕ್ರೂವಿನ ತಲೆಗೆ ಒಂದು ಹನಿ ಬಿಟ್ಟರು. ಇವತ್ತಿಗೂ ಅಲುಗಿಲ್ಲ. ಇದೇ ಮದ್ದನ್ನು ಕುಕ್ಕರಿನ ಹಿಡಿಗೂ ಹಾಕಿ ಎಂದೆ. ಬೈದರು. "ಅಲ್ಲಿ ಮೂರು ಸೀಟಿಗೆ ಸುಟ್ಟು ಹೋಗ್ತದೆ. ಅದಕ್ಕೆ ಹಲ್ಲಿನ ವಾಷರ್ ಆಗ್ಬೇಕು. ನೀವು ಟೀಚರ್ ಆಗಿದ್ದವರು, ಒಂದೇ ಪಾಠ ಎಲ್ಲ ಕ್ಲಾಸಿಗೂ ಹೇಳ್ತಿದ್ರಾ?"

ಆ ಹೊತ್ತಿಗೆ ನಾನು ನಮ್ಮ ಫ್ಲ್ಯಾಟುಗಳ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ. ಆರಿಸಿದ್ದಕ್ಕೆ ಕಾರಣ ಒಂದೇ, ಮೇಡಮ್‌ನ ಇಂಗ್ಲಿಷ್ ಚೆನ್ನಾಗಿದೆ, ಅಕ್ಷರ ಇನ್ನೂ ಚೆನ್ನಾಗಿದೆ. ಕೆಳಗಿನ ಗಾರ್ಡನ್ನಿನಲ್ಲಿ ಮಕ್ಕಳ ಎರಡು ಉಯ್ಯಾಲೆಗಳಿದ್ದವು, ಕಬ್ಬಿಣದವು. ಅವು ಕಿರ್ ಕಿರ್ ಎನ್ನುತ್ತವೆ, ಒಮ್ಮೆ ನೋಡಿ ಹೋಗಿ ಎಂದು ಭೋಜಣ್ಣನನ್ನು ಕರೆಸಿದವಳು ನಾನು. ಅವರು ವಾಚ್‌ಮನ್‌ನ ಏಣಿ ಹತ್ತಿ ನೋಡಿ, ಮುಖ ಗಂಟು ಹಾಕಿಕೊಂಡು ಇಳಿದರು.

"ಇಲ್ಲಿ ಬೋಲ್ಟೇ ಕೀಲು ಅಕ್ಕ. ಜಾಸ್ತಿ ಟೈಟ್ ಮಾಡಿದ್ರೆ ಉಯ್ಯಾಲೆ ಆಡೂದಿಲ್ಲ. ಟೈಟ್ ಮಾಡದಿದ್ರೆ, ಮಕ್ಕಳು ಹಿಂದೆ ಮುಂದೆ ಹೋದ ಹಾಗೆ ನಟ್ಟೂ ಇಷ್ಟಿಷ್ಟೇ ಹೊರಗೆ ಹೊರಡ್ತದೆ. ಇದು ತಲೆ ಮೇಲೆ ಬೀಳುವ ಜಾತಿ. ಎರಡು ನಟ್ಟಿನ ಮೇಲೆ ಬಿಟ್ಟು ಹೋಗ್ಲಿಕ್ಕೆ ನನ್ನಿಂದ ಆಗೂದಿಲ್ಲ."

ಒಳಗೆ ನೈಲಾನ್ ಬಳೆಯಿರುವ ನಟ್ಟು ಸಿಗುತ್ತದಲ್ಲ, ನಮ್ಮ ವಾಷಿಂಗ್ ಮಷಿನ್ನಿಗೆ ನೀವೇ ಹಾಕಿದ್ದಿರಲ್ಲ ಎಂದು ನನ್ನ ಜಾಣತನ ತೋರಿಸಿದೆ. "ಆಗ್ತದೆ. ಆದ್ರೆ ಬಿಸಿಲು, ಮಳೆ. ಒಳಗಿನ ನೈಲಾನ್ ಸವೆದ್ರೆ ಹೊರಗಿಂದ ಗೊತ್ತಾಗೂದಿಲ್ಲ. ಪಿನ್ ಆದ್ರೆ ಕಾಣ್ತದೆ. ನಾನೇ ಬರ್ಬೇಕಂತ ಇಲ್ಲ, ಮಕ್ಕಳ ಅಮ್ಮಂದಿರು ತಲೆ ಎತ್ತಿದ್ರೂ ಕಾಣ್ತದೆ."

ಮುಂದಿನ ವಾರ ಹೊಸ ಬೋಲ್ಟುಗಳನ್ನು ತಂದು ಹಾಕಿದರು. ಅವುಗಳ ತುದಿಯಲ್ಲಿ ಅಡ್ಡ ತೂತು. ನಟ್ಟಿಗೆ ಕಿರೀಟದ ಹಾಗೆ ಹಲ್ಲುಗಳು. ಹಲ್ಲಿನ ಸಂದಿನಿಂದ ತೂತಿನೊಳಗೆ ಒಂದು ಕವಲು ಪಿನ್ ತೂರಿಸಿ, ಆಚೆ ಬಂದ ಎರಡೂ ಕಾಲುಗಳನ್ನು ಅಗಲಿಸಿ ಬಾಗಿಸಿಬಿಟ್ಟರೆ ಮುಗಿಯಿತು. ನಟ್ಟು ತಿರುಗಲಾರದು. ಒಂದು ಉಯ್ಯಾಲೆಗೆ ಎರಡರಂತೆ ನಾಲ್ಕು ಪಿನ್. "ಲೆಕ್ಕ ಇಟ್ಕೊಳ್ಳಿ ಅಕ್ಕ," ಎಂದು ನನ್ನಿಂದಲೇ ಎಣಿಕೆ ಮಾಡಿಸಿದರು.

ಆ ಡಿಸೆಂಬರ್‌ನಲ್ಲಿ ಸುಂದರ ಸೊಸೈಟಿಗಳ ಸ್ಪರ್ಧೆ ಬಂತು. ನಮ್ಮ ಚೇರ್‌ಮನ್ ಸಾಹೇಬರಿಗೆ ಸ್ಪರ್ಧೆಯೆಂದರೆ ಜ್ವರ. ಗೇಟು, ಕಂಪೌಂಡು, ಮರದ ಬುಡ, ಉಯ್ಯಾಲೆ, ಎಲ್ಲಕ್ಕೂ ಬಣ್ಣ. ಉಯ್ಯಾಲೆಗೆ ಹಳದಿ. ಫೋಟೋ ತೆಗೆದರು, ಸೊಸೈಟಿಯ ವಾಟ್ಸ್ಯಾಪ್ ಗ್ರೂಪಿನಲ್ಲಿ ಹಾಕಿದರು, ನಾನೂ ಒಂದು ಹೆಬ್ಬೆರಳು ಒತ್ತಿದೆ. ದಿನಾ ಸಂಜೆ ಅದೇ ಉಯ್ಯಾಲೆಯ ಎದುರಿನ ಬೆಂಚಿನಲ್ಲಿ ಕೂರುತ್ತಿದ್ದೆ. ಒಂದು ದಿನವಾದರೂ ತಲೆ ಎತ್ತಿ ನೋಡಲಿಲ್ಲ.

ಫೆಬ್ರವರಿಯಲ್ಲಿ ಒಂದು ಉಯ್ಯಾಲೆಯ ಒಂದು ಕಡೆ ಕಳಚಿ ಬಿತ್ತು. ಮೇಲೆ ಇದ್ದವಳು ನನ್ನ ಪಕ್ಕದ ಮನೆಯ ಅನ್ವಿ, ನಾಲ್ಕನೇ ಕ್ಲಾಸಿನ ಹುಡುಗಿ. ಮೊಣಕೈ ಮುರಿಯಿತು. ದೇವರ ದಯೆ, ತಲೆಗೆ ಏನೂ ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಕ್ಲಬ್ ರೂಮಿನಲ್ಲಿ ಕಮಿಟಿಯ ಮೀಟಿಂಗ್. ಭೋಜಣ್ಣನನ್ನೂ ಕರೆಸಿದ್ದರು. ಅವರು ಒಳಗೆ ಬಂದು ನಿಂತೇ ಇದ್ದರು, ಯಾರೂ ಕೂರಿ ಎನ್ನಲಿಲ್ಲ. ನಾನೂ ಎನ್ನಲಿಲ್ಲ. ಮಿನಿಟ್ಸ್ ಪುಸ್ತಕ ತೆರೆದು ಪೆನ್ ಹಿಡಿದು ಕೂತಿದ್ದೆ.

"ಬೋಲೋ, ಕೈಸೇ ಗಿರಾ?" ಎಂದರು ಚೇರ್‌ಮನ್.

"ದೂಸರಾ ಝೂಲಾ ಬಂದ್ ಕಿಯಾ ಕ್ಯಾ?" ಎಂದು ಭೋಜಣ್ಣ ಎರಡನೆಯ ಉಯ್ಯಾಲೆಯ ಬಗ್ಗೆ ಕೇಳಿದರು.

"ದೂಸರೇ ಕೀ ಬಾತ್ ನಹೀಂ ಹೋ ರಹೀ. ಇಸ್ ಕಾ ಜವಾಬ್ ದೋ."

"ಬಚ್ಚೇ ಖೇಲ್ ರಹೇ ಹೈಂ ನೀಚೇ. ಬಂದ್ ಕಿಯಾ ಕ್ಯಾ ನಹೀಂ?"

"ಪಹಲೇ ಜವಾಬ್."

ಭೋಜಣ್ಣ ಒಮ್ಮೆ ನನ್ನ ಕಡೆ ನೋಡಿದರು. ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದೇಬಿಟ್ಟರು.

"ದೇಖಾ? ಭಾಗ್ ಗಯಾ," ಎಂದರು ಚೇರ್‌ಮನ್. "ಮೇಡಮ್, ಲಿಖೋ." ಅವರು ಹೇಳಿದ ಇಂಗ್ಲಿಷ್ ವಾಕ್ಯಕ್ಕೆ ಕೈಕಾಲು ನೆಟ್ಟಗಿರಲಿಲ್ಲ. ಕ್ರಿಯಾಪದ ಒಂದು ಕಡೆ, ಕರ್ತೃ ಇನ್ನೊಂದು ಕಡೆ. ನಾನು ಅದನ್ನು ಸರಿಪಡಿಸಿದೆ. ಅಪಘಾತಕ್ಕೆ ಫಿಟ್ಟರ್‌ನ ನೆಗ್ಲಿಜೆನ್ಸೇ ಕಾರಣ, ಕೇಳಿದಾಗ ಆತ ಉತ್ತರಿಸದೆ ಸಭೆಯಿಂದ ಹೊರನಡೆದ ಎಂದು, ಕಾನ್ವೆಂಟಿನಲ್ಲಿ ಪ್ರೈಜ್ ಪಡೆದ ಅದೇ ದುಂಡಗಿನ ಅಕ್ಷರಗಳಲ್ಲಿ ಬರೆದೆ. ಆ ವಾಕ್ಯದಲ್ಲಿ ಒಂದೂ ತಪ್ಪಿರಲಿಲ್ಲ. ಒಂದು ತೊಟ್ಟು ವಿಚಾರವೂ ಇರಲಿಲ್ಲ. ಮೂವತ್ತು ವರ್ಷ ಠಾಣೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು ನಾನು. ಶೇಮ್ ಆನ್ ಮೀ.

ಮೀಟಿಂಗ್ ಮುಗಿಸಿ ಕೆಳಗೆ ಬಂದರೆ, ಓಡಿ ಹೋದ ಮನುಷ್ಯ ಎರಡನೆಯ ಉಯ್ಯಾಲೆಯ ಕಂಬಿಗೆ ಏಣಿ ಹಾಕಿಕೊಂಡು ನಿಂತಿದ್ದಾರೆ. ಮಕ್ಕಳು ಕೂರದಂತೆ ಅದರ ಸೀಟನ್ನು ತಮ್ಮ ಟವೆಲ್ಲಿನಿಂದ ಮೇಲಕ್ಕೆ ಕಟ್ಟಿದ್ದಾರೆ. ಮೊಳೆಯೊಂದರಿಂದ ಬೋಲ್ಟಿನ ತುದಿಯನ್ನು ಕೆದಕುತ್ತಿದ್ದಾರೆ. ನನ್ನನ್ನು ಕಂಡು ಇಳಿದು, ಮುರಿದ ಉಯ್ಯಾಲೆಯಿಂದ ಬಿದ್ದಿದ್ದ ಬೋಲ್ಟನ್ನು ನನ್ನ ಅಂಗೈಯಲ್ಲಿಟ್ಟರು.

"ತೂತು ನೋಡಿ ಅಕ್ಕ."

ತೂತಿನ ತುಂಬ ಹಳದಿ ಬಣ್ಣ ಗಟ್ಟಿಯಾಗಿತ್ತು.

"ಪಿನ್ ಒಳಗಿದ್ದು ಆಮೇಲೆ ಬಿದ್ದಿದ್ರೆ ತೂತು ಖಾಲಿ ಇರ್ಬೇಕಿತ್ತು. ಪೇಂಟ್ ಹೀಗೆ ತುಂಬಬೇಕಾದ್ರೆ, ಪೇಂಟ್ ಮಾಡುವ ಮೊದಲೇ ಪಿನ್ ತೆಗ್ದಿದಾರೆ. ಈ ಉಯ್ಯಾಲೆಯದ್ದೂ ಹಾಗೇ. ನಟ್ಟು ಅರ್ಧ ಹೊರಗೆ ಬಂದಿತ್ತು."

ವಾಚ್‌ಮನ್ ಅತ್ತಿತ್ತ ನೋಡಿ ಮೆಲ್ಲಗೆ ಹೇಳಿದ. ಪೇಂಟರ್ ಇಕ್ಕಳದಿಂದ ನಾಲ್ಕನ್ನೂ ಕಿತ್ತದ್ದು ಅವನ ಕಣ್ಣೆದುರೇ. ಚೇರ್‌ಮನ್ ಸಾಹೇಬರು ಪಕ್ಕದಲ್ಲೇ ನಿಂತು, ಈ ತಂತಿಗಿಂತಿ ತೆಗೆದುಹಾಕು, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದಿದ್ದರಂತೆ. ಅಮ್ಮಂದಿರಿಗೆ ಕಾಣಲಿ ಎಂದು ಭೋಜಣ್ಣ ಹಾಕಿದ್ದನ್ನು, ಕಾಣುತ್ತದೆ ಎಂಬ ಕಾರಣಕ್ಕೇ ಕಿತ್ತು ಎಸೆದಿದ್ದರು. "ಮೇರಾ ನಾಮ್ ಮತ್ ಲೇನಾ ಮೇಡಮ್," ಎಂದು ವಾಚ್‌ಮನ್ ಕೈ ಮುಗಿದ.

ನಾನು ಬರೆದ ಸಾಲನ್ನು ತಿದ್ದಲು ಏದುಸಿರು ಬಿಡುತ್ತ ಮತ್ತೆ ಕ್ಲಬ್ ರೂಮಿಗೆ ಹೋದೆ. ಬೀಗ ಹಾಕಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ನನ್ನ ಅಕ್ಷರದ ಆ ಪುಟದ ಫೋಟೋ ಗ್ರೂಪಿನಲ್ಲಿತ್ತು. ಅಲ್ಲಿಂದ ಅದು ಎಲ್ಲೆಲ್ಲಿಗೆ ಹೋಯಿತೋ. ಎರಡು ದಿನದಲ್ಲಿ ಕಲ್ಯಾಣದ ಹೋಟೆಲಿನ ಧನಿಯೊಬ್ಬರು ನನಗೇ ಫೋನ್ ಮಾಡಿ, "ಭೋಜಣ್ಣನ ವಿಷಯ ಹೌದಾ ಅಕ್ಕ? ನೀವೇ ಬರ್ದಿದ್ದೀರಂತೆ," ಎಂದರು. ಅಲ್ಲ, ಅದು ತಪ್ಪು ಎಂದು ನಾನು ಅರ್ಧ ಗಂಟೆ ವಿವರಿಸಿದೆ. ಅವರು ಎಲ್ಲ ಕೇಳಿ, "ಆಯ್ತಕ್ಕ, ಆದ್ರೂ ನಮಗೆ ಯಾಕೆ ರಿಸ್ಕ್," ಎಂದು ಫೋನಿಟ್ಟರು. ಮಾತಿಗಿಂತ ಬರೆದದ್ದಕ್ಕೆ ಬೆಲೆ ಹೆಚ್ಚು ಎಂದು ಮಕ್ಕಳಿಗೆ ಪಾಠ ಹೇಳಿದವಳಿಗೆ ತಕ್ಕ ಉತ್ತರ.

ಕಮಿಟಿಗೆ ಮೂರು ಪುಟದ ಕಾಗದ ಬರೆದೆ. ಉತ್ತರದ ಬದಲು ಚೇರ್‌ಮನ್ನರೇ ಮಿಠಾಯಿ ಡಬ್ಬಿ ಹಿಡಿದುಕೊಂಡು ಮನೆಗೆ ಬಂದರು. ಬಹಳ ನಯವಾಗಿ, ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ ಒಂದು ಕಾಂಪ್ರಮೈಸ್ ಮುಂದಿಟ್ಟರು. ಮುಂದಿನ ಮೀಟಿಂಗಿನಲ್ಲಿ ಭೋಜಣ್ಣನ ಮೇಲಿನ ಸಾಲನ್ನು ತೆಗೆದುಹಾಕೋಣ, ತಾಂತ್ರಿಕ ದೋಷದಿಂದ ಬಿತ್ತು ಎಂದು ಬರೆಯೋಣ. ಆದರೆ ಪಿನ್, ಪೇಂಟರ್, ಯಾರು ಹೇಳಿದರು, ಇದೊಂದೂ ಪುಸ್ತಕದಲ್ಲಿ ಬರಬಾರದು. ಅನ್ವಿಯ ಅಪ್ಪ ಪೊಲೀಸರಲ್ಲಿಗೆ ಹೋದರೆ ಸೊಸೈಟಿಯ ಮಾನ ಹೋಗುತ್ತದೆ. "ಆಪ್ ಕಾ ಆದ್ಮೀ ಭೀ ಖುಷ್, ಹಮ್ ಭೀ ಖುಷ್."

ಮಿಠಾಯಿಯನ್ನು ನಾನು ಮುಟ್ಟಲಿಲ್ಲ. ಆದರೆ ಹೂಂ ಎನ್ನುವ ಆಸೆ ಆದದ್ದು ನಿಜ. ಮರುದಿನವೇ ಠಾಣೆಯಲ್ಲಿ ಟ್ರೇನು ಬದಲಿಸಿ ಡೊಂಬಿವ್ಲಿಗೆ ಹೋದೆ.

ಭೋಜಣ್ಣ ಮನೆಯಲ್ಲೇ ಇದ್ದರು. ವಾರದ ನಡುವೆ, ಹಗಲು ಹನ್ನೊಂದಕ್ಕೆ ಅವರನ್ನು ಮನೆಯಲ್ಲಿ ಕಂಡದ್ದು ಅದೇ ಮೊದಲು. ಹೆಂಡತಿ ಲಲಿತಕ್ಕ ಕಾಫಿ ತಂದಿಟ್ಟು, ಬಾಗಿಲಿಗೆ ಒರಗಿ ನಿಂತರು. ನಾನು ಚೇರ್‌ಮನ್ನರ ಮಾತನ್ನು ಹೇಳಿದೆ.

"ಹೂಂ ಹೇಳಿ ನೋಡುವ," ಎಂದರು ಲಲಿತಕ್ಕ ಗಂಡನಿಗೆ. "ಮೂರು ಹೋಟೆಲಿನವ್ರು ಕರೆಯೂದು ನಿಲ್ಸಿದ್ರು. ನಮ್ಮೂರವರ ಸಂಘದ ಪೂಜೆಯಲ್ಲಿ ಜನ ನನ್ನ ಮುಖ ನೋಡಿ ಪಿಸಪಿಸ ಮಾಡ್ತಾರೆ."

ಭೋಜಣ್ಣ ಕಾಫಿಯನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. "ನನ್ನ ಹೆಸರು ಹೋದ್ರೆ ಪುಸ್ತಕದಲ್ಲಿ ಎಂತ ಉಳೀತು ಅಕ್ಕ?"

"ತಾಂತ್ರಿಕ ದೋಷ."

"ಅಂದ್ರೆ ಪಿನ್ ಯಾರೂ ತೆಗೀಲಿಲ್ಲ. ಬರುವ ವರ್ಷ ಪುನಃ ಪೇಂಟ್ ಮಾಡ್ತಾರೆ, ಪುನಃ ತೆಗೀತಾರೆ. ಆಗ ನಾನೂ ಇರೂದಿಲ್ಲ, ನೀವೂ ಸೆಕ್ರೆಟರಿ ಇರೂದಿಲ್ಲ. ಪಿನ್ ತೆಗೆದದ್ದಕ್ಕೆ ಬಿತ್ತು ಅಂತ ಬರೀರಿ. ಅದು ಆಗ್ಬೇಕು. ಎರಡರಲ್ಲಿ ಒಂದೇ ಆಗೂದಾದ್ರೆ, ನನ್ನ ಹೆಸರು ಅಲ್ಲೇ ಇರ್ಲಿ."

"ಡೋಂಟ್ ಬಿ ಎ ಸೇಂಟ್, ಭೋಜಣ್ಣ," ಎಂದು ನಾನು ರೇಗಿದೆ.

"ಸೇಂಟ್ ಎಂತದು? ನನಗೂ ಕೋಪ ಉಂಟು. ಚೇರ್‌ಮನ್ ಮೇಲೆ ಅಲ್ಲ, ಅವ ಯಾರೋ. ನಿಮ್ಮ ಮೇಲೆ. ನಿಮಗೆ ನನ್ನನ್ನು ಗೊತ್ತಿತ್ತಲ್ಲ. ಬರೆಯುವ ಮೊದಲು ಒಂದು ಮಾತು ಕೇಳ್ಬಹುದಿತ್ತು."

ಲಲಿತಕ್ಕ ಒಳಗೆ ಹೋಗಿ ಪಾತ್ರೆಗಳನ್ನು ಜೋರಾಗಿ ತೊಳೆಯತೊಡಗಿದರು. ಹೊರಡುವಾಗ ಭೋಜಣ್ಣ ಎಂದಿನಂತೆ ಸ್ಟೇಷನ್ನಿನವರೆಗೂ ಬಂದರು. ಸೇತುವೆಯ ಮೆಟ್ಟಿಲಿನ ಗದ್ದಲದಲ್ಲಿ ನನ್ನ ಮೊಣಕೈ ಹಿಡಿದುಕೊಂಡು, ಲೇಡೀಸ್ ಡಬ್ಬಿ ನಿಲ್ಲುವ ಜಾಗದಲ್ಲಿ ನಿಲ್ಲಿಸಿ, "ಖಾಲಿ ಬಂದ್ರೆ ಮಾತ್ರ ಹತ್ತಿ, ಅವಸರ ಮಾಡ್ಬೇಡಿ," ಎಂದರು. ಅದೇ ಕೊನೆ.

ಸೊಸೈಟಿಯ ಜನರಲ್ ಬಾಡಿ ಸಭೆಯಲ್ಲಿ ನಾನು ಎದ್ದು ನಿಂತು, ಬಣ್ಣ ತುಂಬಿದ ಬೋಲ್ಟನ್ನು ಮೇಜಿನ ಮೇಲಿಟ್ಟು, ಯಾರು ಪಿನ್ ತೆಗೆಸಿದರೆಂದು ಹೆಸರು ಹಿಡಿದು ಓದಿದೆ. ವಾಚ್‌ಮನ್‌ನ ಹೆಸರನ್ನು ಮಾತ್ರ ಹೇಳಲಿಲ್ಲ. ಚೇರ್‌ಮನ್ ಶಾಂತವಾಗಿ, ಹಳೆಯ ಮಿನಿಟ್ಸ್ ಈಗಾಗಲೇ ಕನ್ಫರ್ಮ್ ಆಗಿದೆ, ಈಗ ಏನನ್ನೂ ಸೇರಿಸಲು ಬರುವುದಿಲ್ಲ ಎಂದರು. ಕೈ ಎತ್ತಿಸಿದರು. ನನ್ನ ಕಡೆಗೆ ಎದ್ದ ಕೈ ಐದು. ಅನ್ವಿಯ ಅಪ್ಪನದು ಅದರಲ್ಲಿ ಇರಲಿಲ್ಲ. ಆಸ್ಪತ್ರೆಯ ಖರ್ಚನ್ನು ಕಮಿಟಿ ಕೊಟ್ಟಿತ್ತು, ಅವರಿಗೆ ಸಿಗಬೇಕಿದ್ದ ಕಾರ್ ಪಾರ್ಕಿಂಗ್ ಜಾಗ ಕೂಡ ಕಮಿಟಿಯ ಕೈಯಲ್ಲಿತ್ತು. ಆ ಮನುಷ್ಯ ಇಡೀ ಹೊತ್ತು ಫೋನ್ ನೋಡುತ್ತಿದ್ದರು. ನಾನು ಅಂದೇ ರಾಜೀನಾಮೆ ಕೊಟ್ಟೆ. ಸಾಲನ್ನೂ ತೆಗೆಯಲಿಲ್ಲ, ನಿಜವನ್ನೂ ಸೇರಿಸಲಿಲ್ಲ. ಆ ಪುಟ ಇವತ್ತಿಗೂ ಹಾಗೇ ಇದೆ.

ಜುಲೈಯಲ್ಲಿ ಲಲಿತಕ್ಕನ ಫೋನ್ ಬಂತು. ಭೋಜಣ್ಣ ಬೆಳಿಗ್ಗೆ ಹಲ್ಲುಜ್ಜುವಾಗ ಎದೆ ಹಿಡಿದುಕೊಂಡು ಕೂತರಂತೆ, ಆಟೋ ತರುವಷ್ಟರಲ್ಲಿ ಮುಗಿದಿತ್ತು. ನಾನು ಹೋದೆ. ಕರೆಯುವುದು ನಿಲ್ಲಿಸಿದ್ದ ಧನಿಗಳೆಲ್ಲ ಬಂದಿದ್ದರು, ದೊಡ್ಡ ದೊಡ್ಡ ಹಾರ ತಂದಿದ್ದರು. ಅಂಥಾ ಕೆಲಸಗಾರ ಇನ್ನು ಸಿಗುವುದಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಲಲಿತಕ್ಕ ನನ್ನ ಕಡೆ ನೋಡಲಿಲ್ಲ. ಅದು ನ್ಯಾಯವೇ.

ಸ್ಪರ್ಧೆ ಈ ವರ್ಷವೂ ಬಂತು. ಮೀಟಿಂಗಿನ ಆ ಭಾನುವಾರವೇ ಭೋಜಣ್ಣ ಹೊಸ ಬೋಲ್ಟಿನೊಡನೆ ಎರಡೂ ಉಯ್ಯಾಲೆಗೆ ಮತ್ತೆ ಹಾಕಿ ಹೋಗಿದ್ದ ನಾಲ್ಕು ಪಿನ್ನುಗಳು ಹಾಗೇ ಇದ್ದವು. ಪೇಂಟರುಗಳು ಉಯ್ಯಾಲೆಗೆ ಕೈ ಹಾಕುವ ದಿನ ನಾನು ಬೆಳಿಗ್ಗೆ ಒಂಬತ್ತಕ್ಕೇ ತಿಂಡಿ ತಿಂದು, ಕೊಡೆ ಹಿಡಿದುಕೊಂಡು ಬೆಂಚಿನಲ್ಲಿ ಹೋಗಿ ಕೂತೆ. ಹನ್ನೆರಡರ ಹೊತ್ತಿಗೆ ಏಣಿಯ ಮೇಲಿದ್ದವನು ಪಿನ್ ಕೀಳಲು ಇಕ್ಕಳ ಹೊರಗೆ ತೆಗೆದ.

"ಆಂಟೀ, ಯೇ ಪಿನ್ ನಿಕಾಲ್ ಕೇ ಮಾರೂಂ ಕ್ಯಾ? ಫಿನಿಶಿಂಗ್ ಅಚ್ಛಾ ಆಯೇಗಾ."

"ಪಿನ್ ಕೇ ಊಪರ್ ಸೇ ಮಾರೋ."

"ಸಾಬ್ ಬೋಲೇಂಗೇ."

"ಸಾಬ್ ಕೋ ಮೇರೇ ಪಾಸ್ ಭೇಜೋ."

ಅವನು ಪಿನ್ನಿನ ಮೇಲೆಯೇ ಬ್ರಷ್ ಎಳೆದ. ಬಣ್ಣ ಅಲ್ಲಲ್ಲಿ ಗಡ್ಡೆ ಕಟ್ಟಿತು, ಎರಡು ಕಡೆ ಸೋರಿತು. ನಾಲ್ಕೂ ಮುಗಿಯುವವರೆಗೆ ನಾನು ಏಳಲಿಲ್ಲ. ಸಂಜೆ ಚೇರ್‌ಮನ್ ಸಾಹೇಬರು ಉಯ್ಯಾಲೆಯ ಫೋಟೋ ಗ್ರೂಪಿನಲ್ಲಿ ಹಾಕಿ, ಇಷ್ಟು ಕೆಟ್ಟ ಕೆಲಸ ಮಾಡಲು ಹೇಳಿದವರು ಯಾರು ಎಂದು ಕೇಳಿದರು. ನಾನು ಕನ್ನಡಕ ಒರೆಸಿಕೊಂಡು, ನನ್ನ ಪೂರ್ತಿ ಹೆಸರನ್ನೂ ಫ್ಲ್ಯಾಟ್ ನಂಬರನ್ನೂ ಬರೆದು ಕಳಿಸಿದೆ.